ಉಯಿಲು ಬರೆದ ಬಗೆ: ಪಹಣಿಯಿಂದ ಸಬ್ ರಿಜಿಸ್ಟ್ರಾರ್ ಕಚೇರಿವರೆಗೆ

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬಿಳಿ ಹಾಳೆ, ಬರೆದುಕೊಟ್ಟವರ ಸಹಿ, ಇಬ್ಬರು ಸಾಕ್ಷಿಗಳಿದ್ದರೆ ಕಾನೂನಿಗೆ ಸಾಕು. ಇಷ್ಟು ಸಲೀಸಾಗಿರುವುದರಿಂದಲೇ ಎಡವಟ್ಟೂ ಹೆಚ್ಚು. ನಮ್ಮ ಮನೆಯ ಉಯಿಲಿನಲ್ಲಿ ಬರವಣಿಗೆಗಿಂತ ಹೆಚ್ಚು ಕೆಲಸ ಹಿಡಿದದ್ದು ಅದಕ್ಕೂ ಮುಂಚಿನ ಕಾಗದಪತ್ರಗಳು.

ಮೊದಲು ಆಸ್ತಿಯನ್ನು ಸ್ವಯಾರ್ಜಿತ, ಪಿತ್ರಾರ್ಜಿತ, ಜಂಟಿ ಎಂದು ಬೇರೆ ಮಾಡಿಕೊಂಡೆ. ಸ್ವಯಾರ್ಜಿತವನ್ನು ಯಾರಿಗೆ ಬೇಕಾದರೂ ಬರೆಯಬಹುದು. ಅವಿಭಕ್ತ ಪಿತ್ರಾರ್ಜಿತದಲ್ಲಿ ನಮ್ಮ ಪಾಲಿನಷ್ಟು ಮಾತ್ರ ನಮ್ಮ ಕೈಯಲ್ಲಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳೂ ಸಮಪಾಲುದಾರರು, ಹಾಗಾಗಿ ಅವರನ್ನು ಬಿಟ್ಟು ಹಾಕಿದ ಪಾಲಿನ ಲೆಕ್ಕವೇ ತಪ್ಪು. ಉಯಿಲಿಲ್ಲದೆ ಹಿಂದೂ ಗಂಡಸು ತೀರಿಕೊಂಡರೆ ಹೆಂಡತಿ ಮಕ್ಕಳ ಜೊತೆ ತಾಯಿಗೂ ಸಮಪಾಲು ಹೋಗುತ್ತದೆ ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿರುವುದಿಲ್ಲ. (ಮುಸ್ಲಿಮರಿಗೆ ಲೆಕ್ಕವೇ ಬೇರೆ: ಉಯಿಲಿನಲ್ಲಿ ಬರೆಯಬಹುದಾದದ್ದು ಸಾಮಾನ್ಯವಾಗಿ ಮೂರನೇ ಒಂದು ಭಾಗ.) ಸರ್ಕಾರ ಮಂಜೂರು ಮಾಡಿದ ಜಮೀನು, ಗೇಣಿಗೆ ಉಳುತ್ತಿದ್ದ ಜಮೀನು ಇದ್ದರೆ ಮೂಲ ಆದೇಶ ಓದದೆ ಮುಂದುವರಿಯಬೇಡಿ. ಗೇಣಿ ಹಕ್ಕನ್ನು ಹೊರಗಿನವರಿಗೆ ಉಯಿಲು ಮಾಡಲಾಗದು ಎಂದು ಜಮಖಂಡಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ.

ಆಮೇಲೆ ಹೆಸರುಗಳು. ಪಹಣಿಯಲ್ಲಿ ಒಂದು, ಕ್ರಯಪತ್ರದಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು ಇರುವುದು ನಮ್ಮ ಕಡೆ ಮಾಮೂಲು. ತಿದ್ದಿಸಲು ಆಗುವುದನ್ನು ತಿದ್ದಿಸಿ, ಆಗದ್ದಕ್ಕೆ ಉಯಿಲಿನ ಮೊದಲ ಸಾಲಲ್ಲೇ ‘ನಾಗರಾಜಪ್ಪ ಉರುಫ್ ನಾಗರಾಜ ಬಿನ್ ಸಿದ್ದಪ್ಪ’ ಎಂಬಂತೆ ಎಲ್ಲ ರೂಪಗಳನ್ನೂ ಬರೆದೆ.

ಷೆಡ್ಯೂಲ್ (ಆಸ್ತಿಯ ವಿವರಪಟ್ಟಿ) ಬರೆಯುವಾಗ ಆತುರ ಬೇಡ. ‘ನನ್ನ ತೋಟ ದೊಡ್ಡ ಮಗನಿಗೆ’ ಎಂದರೆ ತಾಲ್ಲೂಕು ಕಚೇರಿಯಲ್ಲಿ ಯಾರಿಗೂ ಅರ್ಥವಾಗದು. ‘ಸರ್ವೆ ನಂ. 47/2, ವಿಸ್ತೀರ್ಣ 1 ಎಕರೆ 12 ಗುಂಟೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ 47/1, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಸ. ನಂ. 48’ ಎಂದು ಚಕ್ಕುಬಂದಿ ಸಮೇತ ಬರೆಯಬೇಕು. ಪಹಣಿಯ ವಿಸ್ತೀರ್ಣವನ್ನು ಕ್ರಯಪತ್ರದ ಜೊತೆ ತಾಳೆ ನೋಡಿ. ಖರಾಬು (ಸಾಗುವಳಿಗೆ ಬಾರದ ಜಾಗ) ಸೇರಿಸಿ ಬರೆದರೋ ಬಿಟ್ಟು ಬರೆದರೋ ಎನ್ನುವಲ್ಲೇ ಗುಂಟೆಗಳು ಕಳೆದುಹೋಗುತ್ತವೆ. ಒಂದೇ ನಂಬರನ್ನು ಇಬ್ಬರಿಗೆ ಹಂಚುವುದಿದ್ದರೆ ‘ಮೇಲಿನ ಅರ್ಧ, ಕೆಳಗಿನ ಅರ್ಧ’ ಎಂಬ ಮಾತು ಜಗಳಕ್ಕೆ ಮುಹೂರ್ತ ಇಟ್ಟಂತೆ. ಭೂಮಾಪಕರಿಂದ ಅಳತೆ ಮಾಡಿಸಿ, ನಕ್ಷೆ ಲಗತ್ತಿಸಿ. ಬಾವಿ, ಕೊಳವೆಬಾವಿ ಯಾರ ಭಾಗಕ್ಕೆ, ನೀರಿನ ಸರದಿ ಹೇಗೆ, ದಾರಿ ಎಲ್ಲಿ ಎಂಬುದೂ ಅಲ್ಲೇ ಇರಲಿ.

ಹೆಂಡತಿಗೆ ಮನೆ ಬರೆಯುವಾಗ ಒಂದನ್ನು ತೀರ್ಮಾನಿಸಿ: ಪೂರ್ಣ ಹಕ್ಕೋ, ಜೀವಮಾನದ ಅನುಭೋಗವೋ? ಒಂದು ಸಾಲಲ್ಲಿ ‘ಸರ್ವಸ್ವತಂತ್ರ ಹಕ್ಕು’, ಮುಂದಿನ ಸಾಲಲ್ಲಿ ‘ಆಕೆಯ ನಂತರ ಮಕ್ಕಳಿಗೆ’ ಎಂದಿದ್ದರೆ ದಾವೆ ಖಚಿತ. ನಾನು ಪೂರ್ಣ ಹಕ್ಕನ್ನೇ ಬರೆದೆ. ಹೆಸರಿಸಿದವರು ನಮಗಿಂತ ಮೊದಲೇ ತೀರಿಕೊಂಡರೆ ಯಾರಿಗೆ ಎಂಬ ಸಾಲು, ‘ಇಲ್ಲಿ ಹೆಸರಿಸದ ಹಾಗೂ ಮುಂದೆ ನನಗೆ ಸೇರುವ ಸಕಲ ಚರ-ಸ್ಥಿರ ಸ್ವತ್ತು’ ಯಾರಿಗೆ ಎಂಬ ಸಾಲು, ಎರಡೂ ಬೇಕು. ಯಾರಿಗಾದರೂ ಕಡಿಮೆ ಕೊಟ್ಟಿದ್ದರೆ ಕಾರಣವನ್ನೂ ಒಂದು ವಾಕ್ಯದಲ್ಲಿ ಹೇಳಿ. ಕಾರಣವಿಲ್ಲದೆ ವಾರಸುದಾರರನ್ನು ಕೈಬಿಟ್ಟಿರುವುದನ್ನು ಕೋರ್ಟು ಅನುಮಾನದಿಂದಲೇ ನೋಡುತ್ತದೆ.

ಬ್ಯಾಂಕು, ಷೇರುಗಳಲ್ಲಿ ನಾಮಿನಿ ಇದ್ದ ಮಾತ್ರಕ್ಕೆ ಆತನೇ ಮಾಲೀಕನಲ್ಲ. ಹಣ ಪಡೆದು ವಾರಸುದಾರರಿಗೆ ಮುಟ್ಟಿಸಬೇಕಾದವನು. ಜೀವವಿಮೆಯಲ್ಲಿ ಮಾತ್ರ, ವಿಮಾ ಕಾಯ್ದೆಯ 2015ರ ತಿದ್ದುಪಡಿಯ ಪ್ರಕಾರ, ತಂದೆತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರದ್ದೇ; ಆದರೂ ಉಳಿದ ವಾರಸುದಾರರು ಹಕ್ಕು ಕೇಳಿದರೆ ಅವರ ಪಾಲು ಕೊಡಬೇಕು ಎಂದು ಕರ್ನಾಟಕ ಹೈಕೋರ್ಟ್ 2025ರಲ್ಲಿ ಹೇಳಿದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರನ್ನು ಹೆಸರಿಸಬಹುದು. ಮದುವೆಗೆ ಮುಂಚೆ ಪಿಎಫ್‌ಗೆ ಕೊಟ್ಟ ನಾಮಿನಿ ಮದುವೆಯಾದೊಡನೆ ಊರ್ಜಿತವಲ್ಲ, ಹೊಸದಾಗಿ ಕೊಡಬೇಕು.

ಸಾಕ್ಷಿಗಳ ವಿಷಯದಲ್ಲಿ ದಾಕ್ಷಿಣ್ಯ ಬೇಡ. ನಮಗಿಂತ ಚಿಕ್ಕವರು, ಅದೇ ಊರಲ್ಲಿರುವವರು, ಉಯಿಲಿನಲ್ಲಿ ಏನೂ ಪಡೆಯದವರು ಆಗಿರಬೇಕು. ತಕರಾರು ಎದ್ದರೆ ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ‘ಅವರು ಸಹಿ ಮಾಡಿದ್ದನ್ನು ನೋಡಿದೆ, ಅವರೆದುರೇ ನಾನೂ ಸಹಿ ಮಾಡಿದೆ’ ಎಂದು ಹೇಳಬೇಕಾಗುತ್ತದೆ. ಗೆಳೆಯರ ಬಳಗದ ಹಿರಿಯರನ್ನೇ ಹಾಕಿಕೊಂಡರೆ ಆ ಹೊತ್ತಿಗೆ ಯಾರೂ ಉಳಿದಿರುವುದಿಲ್ಲ. ವಯಸ್ಸಾದವರ ಉಯಿಲಾದರೆ ಒಬ್ಬ ಸಾಕ್ಷಿ ವೈದ್ಯರಾಗಿದ್ದರೆ ಒಳ್ಳೆಯದು. ಪ್ರತಿ ಪುಟಕ್ಕೂ ಸಹಿ, ತಿದ್ದುಪಡಿ ಇದ್ದಲ್ಲಿ ಪಕ್ಕದಲ್ಲೇ ಮೂವರ ಸಹಿ.

ಕಡ್ಡಾಯವಿಲ್ಲದಿದ್ದರೂ ನೋಂದಣಿ ಮಾಡಿಸಿದೆ: ಅಸಲು ಕಳೆದರೂ ಕಚೇರಿಯಲ್ಲಿ ದಾಖಲೆ ಉಳಿಯುತ್ತದೆ. ಹಾಸಿಗೆ ಹಿಡಿದವರಿದ್ದರೆ ಅಧಿಕಾರಿ ಮನೆಗೇ ಬರುವಂತೆ ಕೋರಿ ಅರ್ಜಿ ಕೊಡಬಹುದು. ಆದರೆ ನೋಂದಣಿಯಾದ ಉಯಿಲೂ ಕಲ್ಲಿನ ಶಾಸನವಲ್ಲ. ಅದಕ್ಕಿಂತ ಈಚಿನದು, ನೋಂದಣಿಯಿಲ್ಲದ್ದಾದರೂ, ಸರಿಯಾಗಿದ್ದರೆ ಅದೇ ನಿಲ್ಲುತ್ತದೆ. ಅದಕ್ಕೇ ‘ಈ ಹಿಂದಿನ ಎಲ್ಲ ಉಯಿಲುಗಳನ್ನೂ ರದ್ದುಪಡಿಸಿದ್ದೇನೆ’ ಎಂಬ ಸಾಲು ಮತ್ತು ದಿನಾಂಕ ಬಿಡಬಾರದು.

ಅಸಲನ್ನು ನಾಮಿನಿಯಿಲ್ಲದ, ಒಬ್ಬರ ಹೆಸರಿನ ಲಾಕರ್‌ನಲ್ಲಿ ಇಡಬೇಡಿ. ಲಾಕರ್ ತೆರೆಸಲು ಬ್ಯಾಂಕು ಮೊದಲು ವಾರಸುದಾರಿಕೆ ಕೇಳುತ್ತದೆ. ನಕಲಿನ ಜೊತೆ ಸಾಕ್ಷಿಗಳ ವಿಳಾಸ ಬರೆದ ಚೀಟಿಯನ್ನೂ ಮನೆಯಲ್ಲಿ ಇಟ್ಟಿದ್ದೇನೆ. ಉಯಿಲಿನ ಆಧಾರದ ಮೇಲೆ ಜಮೀನಿನ ಖಾತೆ ಬದಲಾವಣೆಗೆ ಅರ್ಜಿ ಹಾಕಿದಾಗ ಯಾರಾದರೂ ಆಕ್ಷೇಪಿಸಿದರೆ, ಉಯಿಲು ನಿಜವೋ ಸುಳ್ಳೋ ಎಂದು ತಹಶೀಲ್ದಾರರು ತೀರ್ಮಾನಿಸುವಂತಿಲ್ಲ. ಸಿವಿಲ್ ಕೋರ್ಟಿಗೇ ಹೋಗಬೇಕು. ಆ ಚೀಟಿ ಬೇಕಾಗುವುದು ಆಗ.