ಹಾಲ್‌ನ ಆರ್ಕಿಡ್‌ಗೆ ನುಸಿ ಬಿದ್ದರೆ ತೋಟದ ಔಷಧಿ ತರಬೇಡಿ

ಗುಲಾಬಿ ತೋಟದಲ್ಲಿ ಉಳಿದ ನುಸಿ ಔಷಧಿಯನ್ನು ನೀರಿನ ಬಾಟಲಿಗೆ ತುಂಬಿಕೊಂಡು ಬಂದು, ಹಾಲ್‌ನಲ್ಲಿ ಟಿ.ವಿ. ಪಕ್ಕ ಇಟ್ಟ ಆರ್ಕಿಡ್‌ಗೆ ಸಿಂಪಡಿಸಿದ ಮೂರು ಮನೆಗಳನ್ನು ಚಿಕ್ಕಬಳ್ಳಾಪುರದಲ್ಲಿ ನಾನೇ ಕಂಡಿದ್ದೇನೆ. ಮೂರೂ ಗಿಡಗಳು ಹೋದವು, ಎರಡು ಸುಳಿ ಕೊಳೆತು, ಒಂದು ಎಲೆ ಸುಟ್ಟು. ಗಿಡ ಹೋದರೆ ಹೋಗಲಿ. ಒಂದು ಮನೆಯಲ್ಲಿ ಮಿಕ್ಕ ಅರ್ಧ ಬಾಟಲಿ ಔಷಧಿ ಅಡುಗೆಮನೆಯ ಕಟ್ಟೆಯ ಮೇಲೆಯೇ ಇತ್ತು. ಮೇಲೆ ಚೀಟಿಯಿಲ್ಲ, ಒಳಗೆ ಮಜ್ಜಿಗೆಯಂಥ ನೀರು, ಮನೆಯಲ್ಲಿ ನಾಲ್ಕು ವರ್ಷದ ಮಗು. ಈ ಲೇಖನ ಬರೆಯಲು ಆ ಬಾಟಲಿಯೇ ಕಾರಣ.

ಗುಲಾಬಿ, ಟೊಮೆಟೊ, ದ್ರಾಕ್ಷಿ ಬೆಳೆಯುವವರ ನಡುವೆ ಬದುಕುವ ನಮಗೆ ಕೆಂಪು ಜೇಡ ನುಸಿ ಹೊಸದಲ್ಲ. ಔಷಧಿಯೂ ಕೈಗೆಟುಕುವ ದೂರದಲ್ಲಿಯೇ ಇದೆ. ಆದರೆ ಅದು ಬಯಲಿನಲ್ಲಿ, ಮೈಕೈ ಮುಚ್ಚಿಕೊಂಡು, ಗಾಳಿಗೆ ಬೆನ್ನು ಮಾಡಿ ಹೊಡೆಯುವ ಔಷಧಿ. ಡಬ್ಬದ ಮೇಲೆ ಮೂಲೆ ಕೆಳಗಾಗಿ ನಿಂತ ಒಂದು ಚೌಕವಿರುತ್ತದೆ. ಅದರ ಕೆಳಗಿನ ಅರ್ಧ ಕೆಂಪಾಗಿದ್ದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ನಿರಪಾಯ ಎಂದಲ್ಲ, ಉಳಿದವಕ್ಕಿಂತ ಕಡಿಮೆ ವಿಷ ಎಂದಷ್ಟೇ. ಊಟ ಮಾಡುವ, ಮಲಗುವ ಕೋಣೆಯಲ್ಲಿ ನಾಲ್ಕೂ ಬಣ್ಣ ಬೇಡ.

ಮಲೆನಾಡಿನ ಸೀತಾಳೆ ದಂಡೆಯೂ ಆರ್ಕಿಡ್ ಕುಟುಂಬದ್ದೇ. ಅದು ಮರದ ಮೇಲಿರುತ್ತದೆ. ಮಳೆ ಎಲೆಯನ್ನು ತೊಳೆಯುತ್ತದೆ, ಹಿಂದೆಯೇ ಗಾಳಿ ಒಣಗಿಸುತ್ತದೆ. ಹಾಲ್‌ನಲ್ಲಿರುವ ಗಿಡಕ್ಕೆ ಎರಡೂ ಇಲ್ಲ. ನುಸಿ ಬಿದ್ದಾಗ ಈ ಎರಡನ್ನೂ ನಾವೇ ಮಾಡಬೇಕು. ಮಳೆಯ ಕೆಲಸವನ್ನು ಎಲ್ಲರೂ ಮಾಡುತ್ತಾರೆ, ಗಾಳಿಯ ಕೆಲಸವನ್ನು ಮರೆಯುತ್ತಾರೆ. ಗಿಡಗಳು ಸಾಯುವುದು ಹೆಚ್ಚಾಗಿ ಅಲ್ಲಿಯೇ.

ಮೊದಲು ಕಳ್ಳ ಯಾರೆಂದು ನೋಡಿ. ಬಿಳಿ ಟಿಶ್ಯೂ ಕಾಗದವನ್ನು ಒದ್ದೆ ಮಾಡಿ ಎಲೆಯ ಅಡಿಭಾಗದಲ್ಲಿ ಒಮ್ಮೆ ಒತ್ತಿ ಎಳೆಯಿರಿ. ಇಟ್ಟಿಗೆ ಬಣ್ಣದ ಅಥವಾ ಕಂದು ಗೆರೆ ಮೂಡಿದರೆ ನುಸಿ ಎಂದು ತಿಳಿಯಿರಿ. ಬಲೆ ಕಾಣಲಿಲ್ಲವೆಂದು ಸಮಾಧಾನ ಪಡಬೇಡಿ. ಜೇಡ ನುಸಿ ಬಲೆ ಕಟ್ಟುತ್ತದೆ, ಆದರೆ ಫೆಲನಾಪ್ಸಿಸ್ ಎಂಬ ಜಾತಿಯ ಆರ್ಕಿಡ್‌ನ ಎಲೆಗಳನ್ನು ಹೆಚ್ಚು ಕಾಡುವ ಚಪ್ಪಟೆ ನುಸಿ ಬಲೆಯನ್ನೇ ಕಟ್ಟುವುದಿಲ್ಲ. ಎಲೆಯ ಮೇಲೆ ಸೂಜಿಯಿಂದ ಚುಚ್ಚಿದಂಥ ಬೆಳ್ಳಿ ಬಣ್ಣದ ಗುಳಿಗಳು, ಆಮೇಲೆ ಕಂದು ಕಲೆಗಳು, ಇಷ್ಟೇ ಅದರ ಗುರುತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ಫೋಟೊ ತೆಗೆದು ಹಿಗ್ಗಿಸಿ ನೋಡಿ.

ಎಲೆ ಕಾಂಡಕ್ಕೆ ಸೇರುವ ಕಂಕುಳಲ್ಲಿ ಹತ್ತಿಯ ಎಳೆಯಂತೆ ಅಂಟಿಕೊಂಡಿದ್ದರೆ ಹಿಟ್ಟು ತಿಗಣೆ. ಹಿಪ್ಪುನೇರಳೆ ತೋಟದಲ್ಲಿ ಎಲೆ ಮುದುಡಿಸುವ ಟುಕ್ರಾ ರೋಗ ಕಂಡವರಿಗೆ ಇದರ ಬಂಧುಬಳಗ ಪರಿಚಿತವೇ. ಉಗುರಿನಿಂದ ಕೆರೆದರೆ ಎದ್ದುಬರುವ ಕಂದು ಚಿಪ್ಪುಗಳು ಶಲ್ಕ ಕೀಟ. ಹೂದಂಟಿನ ತುದಿಯಲ್ಲಿ ಗುಂಪುಗೂಡಿದ್ದರೆ ಸಸ್ಯಹೇನು. ಇನ್ನು ಎಲೆಯ ಮೇಲೆಲ್ಲ ಬಿಳಿ ಚುಕ್ಕೆ, ಒರೆಸಿದರೆ ಸುಣ್ಣದಂತೆ ಗರಗರ ಎನ್ನುತ್ತದೆ ಎಂದರೆ ಅದು ಕೀಟವೇ ಅಲ್ಲ, ನಮ್ಮ ಕೊಳವೆಬಾವಿ ನೀರಿನ ಉಪ್ಪು. ಹೂದಂಟಿನಲ್ಲಿ ಸಣ್ಣ ಸಿಹಿ ಹನಿಗಳು ಮಾತ್ರ ಇದ್ದು ಸುತ್ತ ಹುಳುವಿಲ್ಲದಿದ್ದರೆ ಅದು ಗಿಡವೇ ಸುರಿಸಿದ ರಸ. ಅದಕ್ಕೆ ಚಿಕಿತ್ಸೆ ಬೇಡ.

ಇಲ್ಲಿ ಒಂದು ಭಾಷೆಯ ತೊಡಕಿದೆ. ನಾವು ಎಂಟು ಕಾಲಿನ ನುಸಿಯನ್ನೂ ನುಸಿ ಎನ್ನುತ್ತೇವೆ, ಆರು ಕಾಲಿನ ಥ್ರಿಪ್ಸ್ ಕೀಟವನ್ನೂ ಥ್ರಿಪ್ಸ್ ನುಸಿ ಎನ್ನುತ್ತೇವೆ. ಅಂಗಡಿಗೆ ಹೋಗಿ ‘ನುಸಿಗೆ ಏನಾದರೂ ಕೊಡಿ’ ಎಂದರೆ ಇಮಿಡಾಕ್ಲೋಪ್ರಿಡ್ ಕೈಗೆ ಬರುವ ಸಾಧ್ಯತೆ ಬಹಳ. ಅದು ಕೀಟಕ್ಕೆ, ನುಸಿಗಲ್ಲ. ನುಸಿ ಜೇಡದ ಕಡೆಯ ಪ್ರಾಣಿ. ಆ ಔಷಧಿ ಹೊಡೆದ ಮೇಲೆ ನುಸಿ ಇನ್ನಷ್ಟು ಹೆಚ್ಚಿದ ಉದಾಹರಣೆಗಳೂ ಉಂಟು.

ಗುರುತು ಸಿಕ್ಕಿತೇ? ಗಿಡವನ್ನು ಉಳಿದ ಗಿಡಗಳಿಂದ ದೂರ, ಬೇರೆ ಕೋಣೆಗೆ ಒಯ್ಯಿರಿ. ಪಕ್ಕದಲ್ಲಿದ್ದ ಗಿಡಗಳಿಗೂ ಟಿಶ್ಯೂ ಪರೀಕ್ಷೆ ಮಾಡಿ.

ನೀರಿನ ವಿಷಯಕ್ಕೆ ಬರುತ್ತೇನೆ. ಸಾವಿರ ಅಡಿ ದಾಟಿದ ಕೊಳವೆಬಾವಿಯ ಗಡಸು ನೀರಿಗೆ ಸೋಪು ಹಾಕಿದರೆ ನೊರೆ ಬರುವುದಿಲ್ಲ, ಮೊಸರು ಒಡೆದಂತೆ ತೇಲುತ್ತದೆ. ಸೋಪು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಗಸಿಯಾಗಿಬಿಡುತ್ತದೆ, ಕೀಟದ ಪಾಲಿಗೆ ಏನೂ ಉಳಿಯುವುದಿಲ್ಲ. ‘ಸೋಪು ನೀರು ಹೊಡೆದೆ, ಏನೂ ಆಗಲಿಲ್ಲ’ ಎನ್ನುವವರನ್ನು ನಾನು ಮೊದಲು ಕೇಳುವುದು ಯಾವ ನೀರು ಎಂದು. ಮಳೆನೀರು ಹಿಡಿದಿಟ್ಟಿದ್ದರೆ ಅದಕ್ಕೆ ಸಮನಾದುದಿಲ್ಲ. ಇಲ್ಲದಿದ್ದರೆ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರು ಸಾಕು.

ಈಗ ತೊಳೆಯುವ ಕೆಲಸ. ಅವಸರವಿರುವ ದಿನ ಇದನ್ನು ಹಿಡಿಯಬೇಡಿ, ಬೆಳಿಗ್ಗೆ ಹತ್ತರೊಳಗೆ ಮುಗಿಯುವಂತೆ ಶುರು ಮಾಡಿ. ಸಂಜೆ ತೊಳೆದ ಗಿಡ ರಾತ್ರಿಯಿಡೀ ಒದ್ದೆಯಾಗಿರುತ್ತದೆ. ಕುಂಡದ ಬಾಯಿಗೆ ಪ್ಲಾಸ್ಟಿಕ್ ಹೊದಿಸಿ ಬುಡದ ಸುತ್ತ ಕಟ್ಟಿ. ಗಿಡವನ್ನು ಪೂರ್ತಿ ಅಡ್ಡ ಮಲಗಿಸಿ ಹಿಡಿದು, ಸುಳಿ ನೆಲದ ಕಡೆ ಸ್ವಲ್ಪ ಬಾಗಿರುವಂತೆ, ಎಲೆಯ ಅಡಿಭಾಗಕ್ಕೆ ನೀರು ಹರಿಸಿ. ಆಮೇಲೆ ಒರೆಸುವುದು. ಎಡ ಅಂಗೈಯನ್ನು ಎಲೆಯ ಮೇಲೆ ಆಸರೆಯಾಗಿ ಇಟ್ಟು, ಬಲಗೈಯಲ್ಲಿ ಒದ್ದೆ ಹತ್ತಿ ಹಿಡಿದು ಬುಡದಿಂದ ತುದಿಗೆ ಒಂದೇ ಎಳೆತ. ಹಿಂದೆ ಮುಂದೆ ಉಜ್ಜಬೇಡಿ, ಉಜ್ಜಿದರೆ ಮೊಟ್ಟೆ ಮತ್ತೆ ಬುಡಕ್ಕೇ ಸೇರುತ್ತದೆ. ಆಸರೆ ಕೊಡದೆ ಒತ್ತಿದರೆ ಫೆಲನಾಪ್ಸಿಸ್ ಎಲೆ ಸೌತೆಕಾಯಿಯಂತೆ ಟಕ್ಕೆಂದು ಮುರಿಯುತ್ತದೆ. ಪ್ರತಿ ಎಲೆಗೂ ಹೊಸ ಹತ್ತಿ. ಒಂದೇ ಬಟ್ಟೆಯಲ್ಲಿ ಇಡೀ ಗಿಡ ಒರೆಸುವುದೆಂದರೆ ನುಸಿಗೆ ಪ್ರಯಾಣದ ಖರ್ಚು ಉಳಿಸಿಕೊಟ್ಟಂತೆ. ನುಸಿ ಹೆಚ್ಚಾಗಿರುವುದು ನಡುನರದ ಇಕ್ಕೆಲಗಳಲ್ಲಿ ಮತ್ತು ಎಲೆ ಕಾಂಡಕ್ಕೆ ಸೇರುವ ಕಂಕುಳಲ್ಲಿ. ಅಲ್ಲಿಗೆ ಬೆರಳು ಹೋಗದು, ಹತ್ತಿ ಕಡ್ಡಿ ಬೇಕು. ಬಳಸಿದ ಹತ್ತಿಯನ್ನೆಲ್ಲ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಮನೆಯಿಂದ ಆಚೆಗೆ ಸಾಗಿಸಿ.

ಇಲ್ಲಿಗೆ ಮುಗಿಯಿತೆಂದು ಗಿಡವನ್ನು ಕಿಟಕಿಯಲ್ಲಿಡುವವರೇ ಹೆಚ್ಚು. ಸುಳಿಯಲ್ಲಿ ಒಂದು ಚಮಚ ನೀರು ನಿಂತಿರುತ್ತದೆ. ತೆಂಗಿನ ಸುಳಿ ಕೊಳೆ ಕಂಡವರಿಗೆ ಹೇಳಬೇಕಿಲ್ಲ, ಫೆಲನಾಪ್ಸಿಸ್‌ಗೂ ಬೆಳೆಯುವ ತುದಿ ಅದೊಂದೇ. ಅದು ಕೊಳೆತರೆ ಮೇಲಿನ ಎಲೆ ಎಳೆದಾಗ ಕೈಗೇ ಬರುತ್ತದೆ, ನಾರುತ್ತದೆ, ಗಿಡ ಉಳಿದರೆ ಪುಣ್ಯ. ಟಿಶ್ಯೂ ಕಾಗದವನ್ನು ಬತ್ತಿಯಂತೆ ಹೊಸೆದು ಸುಳಿಯೊಳಗೆ ಇಳಿಸಿ, ನೀರು ಹೀರಿದ ಮೇಲೆ ತೆಗೆಯಿರಿ. ಇನ್ನೊಂದು ಬತ್ತಿ ಇಳಿಸಿ. ಬತ್ತಿ ಒಣಗಿಯೇ ಹೊರಬರುವವರೆಗೆ ಬಿಡಬೇಡಿ. ಪ್ರತಿ ಕಂಕುಳಿಗೂ ಇದೇ ಕ್ರಮ. ಬಳಿಕ ಫ್ಯಾನ್ ಕೆಳಗೆ, ನೇರ ಬಿಸಿಲು ಬೀಳದ ಕಡೆ ಎರಡು ಗಂಟೆ. ಹೇರ್ ಡ್ರೈಯರ್ ಬೇಡವೇ ಬೇಡ.

ತೊಳೆದ ಮೇಲೆ ಔಷಧಿ. ನಾನು ಬಳಸುವುದು ಬೇವಿನ ಸೋಪು, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತರಕಾರಿ ಬೆಳೆಗಾರರಿಗಾಗಿ ರೂಪಿಸಿದ್ದು. ಹೊಂಗೆ ಸೋಪೂ ಇದೆ, ಅದರ ವಾಸನೆ ಹಾಲ್‌ಗೆ ಹೊಂದುವುದಿಲ್ಲ. ಒಂದು ಲೀಟರ್ ಮೆದು ನೀರಿಗೆ 4 ಗ್ರಾಂ ಕರಗಿಸಿ, ಮೊದಲು ಒಂದೇ ಎಲೆಗೆ ಹಚ್ಚಿ ಎರಡು ದಿನ ಕಾಯಿರಿ. ಎಲೆ ಮಂಕಾಗದಿದ್ದರೆ ಇಡೀ ಗಿಡಕ್ಕೆ. ಸಿಂಪಡಿಸುವುದಕ್ಕಿಂತ ಹತ್ತಿಯಲ್ಲಿ ಅದ್ದಿ ಹಚ್ಚುವುದೇ ಮೇಲು: ಗಾಳಿಗೆ ಹಾರುವುದಿಲ್ಲ, ಸುಳಿಗೂ ಇಳಿಯುವುದಿಲ್ಲ. ಹಚ್ಚುವಾಗ ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್ ಇರಲಿ, ಹೂವಿಗೆ ತಾಗದಿರಲಿ. ಸೋಪು ಕೆಲಸ ಮಾಡುವುದು ಹಸಿಯಾಗಿರುವಷ್ಟು ಹೊತ್ತು ಮಾತ್ರ, ಹಾಗಾಗಿ ಕೀಟಕ್ಕೆ ತಾಗಲೇಬೇಕು. ಗಂಟೆ ಕಳೆದ ಮೇಲೆ ಬರೀ ನೀರಿನಿಂದ ಒರೆಸಿ ತೆಗೆಯಬಹುದು.

ಪಾತ್ರೆ ತೊಳೆಯುವ ದ್ರವವನ್ನು ಸೋಪೆಂದು ಬಗೆಯಬೇಡಿ. ಅದು ಜಿಡ್ಡು ತೆಗೆಯಲೆಂದೇ ಮಾಡಿದ್ದು, ಎಲೆಯ ಮೇಣದ ಹೊದಿಕೆಯನ್ನೂ ತೆಗೆದುಬಿಡುತ್ತದೆ. ಗ್ರಂಥಿಗೆ ಅಂಗಡಿಯ ಹಸಿ ಬೇವಿನೆಣ್ಣೆ ನೀರಿನಲ್ಲಿ ಬೆರೆಯದೆ ತೇಲುತ್ತದೆ. ಅದು ಮೆತ್ತಿಕೊಂಡ ಎಲೆ ಬಿಸಿಲಿಗೆ ಸುಡುತ್ತದೆ. ಜಿರಳೆಗೆ ಹೊಡೆಯುವ ಸ್ಪ್ರೇ ಆರ್ಕಿಡ್‌ಗೆ ಹೊಡೆದವರನ್ನೂ ನೋಡಿದ್ದೇನೆ, ಅದರ ದ್ರಾವಕವೇ ಎಲೆಯನ್ನು ಬೇಯಿಸುತ್ತದೆ. ಬೆಳ್ಳುಳ್ಳಿ ಮೆಣಸಿನಕಾಯಿ ಕಷಾಯ ಹೊಲದಲ್ಲಿ ಏನು ಮಾಡುತ್ತದೋ ಬಿಡಿ, ಹಾಲ್‌ನಲ್ಲಿ ಮನೆಯವರನ್ನು ಕೆಮ್ಮಿಸುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ಎಚ್ಚರಿಕೆ. ಮನೆಯಲ್ಲಿಯೋ ಪಕ್ಕದಲ್ಲಿಯೋ ರೇಷ್ಮೆ ಹುಳು ಇದ್ದರೆ ಬೇವೂ ಬೇಡ. ಕೀಟದ ಪೊರೆ ಕಳಚುವಿಕೆಯನ್ನು ತಡೆಯುವುದೇ ಬೇವಿನ ಗುಣ, ರೇಷ್ಮೆ ಹುಳುವೂ ಕೀಟವೇ. ಬೇವು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿದರೆ ಹುಳು ಜ್ವರ, ಅಂದರೆ ಪೊರೆ ಕಳಚುವ ಹಂತ, ದಾಟದೆ ಸತ್ತೀತು. ಶಿಡ್ಲಘಟ್ಟದಲ್ಲಿರುವ ನನ್ನ ನಾದಿನಿಯ ಮನೆಯಲ್ಲಿ ಆರ್ಕಿಡ್‌ಗೆ ನೀರು ಮತ್ತು ಹತ್ತಿ ಮಾತ್ರ, ಅದೂ ಹುಳು ಮನೆಯ ಕೆಲಸ ಮುಗಿದ ಮೇಲೆ. ಒರೆಸುವ ಸರದಿ ಎರಡು ಹೆಚ್ಚಾಯಿತು, ಗಿಡ ಚೆನ್ನಾಗಿಯೇ ಇದೆ.

ಹಿಟ್ಟು ತಿಗಣೆ ಮತ್ತು ಶಲ್ಕ ಕೀಟದ ಮೈಮೇಲೆ ಮೇಣವಿರುವುದರಿಂದ ಸೋಪು ಜಾರುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಶೇಕಡಾ 70ರ ಐಸೋಪ್ರೊಪೈಲ್ ಆಲ್ಕೋಹಾಲನ್ನು ಹತ್ತಿ ಕಡ್ಡಿಯಲ್ಲಿ ಅದ್ದಿ ಒಂದೊಂದನ್ನೇ ಮುಟ್ಟಿ, ಚಿಪ್ಪನ್ನು ಎಬ್ಬಿಸಿ ತೆಗೆಯಿರಿ. ಗಿಡದ ಮೇಲೆ ಸುರಿಯುವುದಾಗಲಿ ಬೇರಿಗೆ ಹಾಕುವುದಾಗಲಿ ಕೂಡದು. ಕೈ ತೊಳೆಯುವ ಸ್ಯಾನಿಟೈಸರ್ ಜೆಲ್‌ನಲ್ಲಿ ಅಂಟು, ಸುಗಂಧ ಎಲ್ಲ ಇರುತ್ತದೆ, ಅದು ಬೇಡ. ಇದು ಬೆಂಕಿ ಹಿಡಿಯುವ ವಸ್ತು. ಗಿಡ ದೇವರ ಮನೆಯ ಮುಂದಿದ್ದರೆ ಅಲ್ಲಿಂದ ತೆಗೆದು ದೀಪ, ಒಲೆಯಿಂದ ದೂರ ಒಯ್ದು ಮಾಡಿ. ತಿಗಣೆ ಬೇರಿಗೂ ಇಳಿದಿದ್ದರೆ ಕುಂಡಕ್ಕೆ ತುಂಬಿದ ಹಳೆಯ ತೊಗಟೆ, ಇದ್ದಿಲನ್ನೆಲ್ಲ ಎಸೆದು, ಬೇರು ತೊಳೆದು, ಹೊಸದಕ್ಕೆ ಬದಲಿಸಿ.

ಇರುವೆ ಹತ್ತುತ್ತಿದ್ದರೆ ಅದನ್ನೂ ತಡೆಯಬೇಕು. ತಿಗಣೆ, ಹೇನುಗಳ ಸಿಹಿಗಾಗಿ ಬರುವ ಇರುವೆ ಅವುಗಳಿಗೆ ಕಾವಲು ನಿಲ್ಲುತ್ತದೆ. ಬೆಲ್ಲದ ಡಬ್ಬವನ್ನು ನೀರಿನ ತಟ್ಟೆಯಲ್ಲಿ ಇಡುತ್ತೇವಲ್ಲ, ಹಾಗೆಯೇ ಕುಂಡಕ್ಕೂ ತಟ್ಟೆ, ಆದರೆ ಕುಂಡದ ತಳ ನೀರಿಗೆ ತಾಗದಂತೆ ಕೆಳಗೆ ಒಂದು ಕಲ್ಲು.

ಒಮ್ಮೆ ಮಾಡಿ ಬಿಟ್ಟರೆ ಇಷ್ಟೂ ವ್ಯರ್ಥ. ಸೋಪಿಗೆ ಮೊಟ್ಟೆ ಸಾಯುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಜೇಡ ನುಸಿ ಮೊಟ್ಟೆಯಿಂದ ಹೊರಬಿದ್ದು ತಾನೇ ಮೊಟ್ಟೆಯಿಡುವ ಹಂತಕ್ಕೆ ಬರಲು ಸುಮಾರು ಒಂದು ವಾರ ಸಾಕು. ಆದ್ದರಿಂದ ಐದು ದಿನಕ್ಕೊಮ್ಮೆ ನಾಲ್ಕು ಸಲ. ಚಪ್ಪಟೆ ನುಸಿ ನಿಧಾನದ್ದು, ಅದಕ್ಕೆ ವಾರಕ್ಕೊಮ್ಮೆ ಆರು ವಾರ. ಗೋಡೆಯ ಕ್ಯಾಲೆಂಡರ್‌ನಲ್ಲಿ ಮೊದಲ ದಿನವೇ ಅಷ್ಟೂ ತಾರೀಕುಗಳಿಗೆ ಸುತ್ತು ಹಾಕಿ; ನೆನಪನ್ನು ನಂಬಿದವರು ಎರಡನೆಯ ಸಲಕ್ಕೇ ನಿಲ್ಲಿಸುತ್ತಾರೆ.

ಕೊನೆಯ ಸುತ್ತಿನ ನಂತರ ಮೂರು ವಾರ ಟಿಶ್ಯೂ ಬಿಳಿಯಾಗಿಯೇ ಬಂದರೆ ಗಿಡವನ್ನು ಮತ್ತೆ ಹಾಲ್‌ಗೆ ತನ್ನಿ. ಎಲೆಯ ಮೇಲಿನ ಬೆಳ್ಳಿ ಗುಳಿಗಳು ಮಾತ್ರ ಮಾಯುವುದಿಲ್ಲ, ಆ ಎಲೆ ತಾನಾಗಿ ಹಣ್ಣಾಗಿ ಉದುರುವವರೆಗೂ ಹಾಗೆಯೇ ಇರುತ್ತವೆ. ಕತ್ತರಿಸಬೇಡಿ, ಅಂಥ ಎಲೆಯೂ ಗಿಡಕ್ಕೆ ಅನ್ನ ಕೊಡುತ್ತದೆ. ನೋಡಬೇಕಾದದ್ದು ಮೇಲೆ ಹೊಸದಾಗಿ ಬಿಚ್ಚಿಕೊಳ್ಳುವ ಎಲೆಯನ್ನು. ಅದು ನುಣುಪಾಗಿ, ಕಲೆಯಿಲ್ಲದೆ ಬಂದಿದೆಯೇ ನೋಡಿ.