ಇಂಗ್ಲೆಂಡಿಗೆ ಹೊರಟವರ ಪೆಟ್ಟಿಗೆಯಲ್ಲಿ ನಾಲ್ಕು ತಾಂಬೂಲದ ಚೀಲ

ಮೈಸೂರಿನ ನಮ್ಮ ಮನೆಯ ಅಡುಗೆಮನೆ ಬಾಗಿಲ ಹಿಂದೆ ಒಂದು ಮೊಳೆ ಇದೆ. ಅದಕ್ಕೆ ತೂಗುಹಾಕಿದ ದೊಡ್ಡ ಚೀಲದೊಳಗೆ ಅಮ್ಮ ಹತ್ತಿಪ್ಪತ್ತು ಬಟ್ಟೆ ಚೀಲಗಳನ್ನು ಮಡಿಸಿಟ್ಟಿದ್ದಾರೆ. ಹೆಚ್ಚಿನವು ಮದುವೆಯ ತಾಂಬೂಲದ ಚೀಲಗಳು. ವಧೂವರರ ಹೆಸರು ಮಾಸಿಹೋಗಿದೆ, ಕಲ್ಯಾಣಮಂಟಪದ ಹೆಸರನ್ನು ಮಾತ್ರ ಈಗಲೂ ಓದಬಹುದು. ಈ ಸಲ ರಜೆಗೆ ಬಂದಾಗ, ಮಗನನ್ನು ನೋಡಲು ಮೊದಲ ಬಾರಿಗೆ ಇಂಗ್ಲೆಂಡಿಗೆ ಹೊರಟಿದ್ದ ಎದುರು ಮನೆಯ ದಂಪತಿ ಏನೇನು ಕೊಂಡೊಯ್ಯಬೇಕೆಂದು ಕೇಳಿದರು. ಸಾರಿನ ಪುಡಿ, ಚಟ್ನಿಪುಡಿ, ಸ್ವೆಟರು ಎಲ್ಲವೂ ಆಗಲೇ ಅವರ ಪಟ್ಟಿಯಲ್ಲಿದ್ದವು. ನಾನು ಸೇರಿಸಿದ್ದು ಬಟ್ಟೆ ಚೀಲವನ್ನು. ಅಲ್ಲಿ ನೆಲೆಸಿ ಹಲವು ವರ್ಷವಾದ ನಾನು ಮೈಸೂರು, ಮಂಡ್ಯದಿಂದ ಹೊರಡುವ ಎಲ್ಲರಿಗೂ ಇದನ್ನೇ ಹೇಳುತ್ತೇನೆ.

ಪ್ಲಾಸ್ಟಿಕ್ ಚೀಲಕ್ಕೆ ನಮ್ಮಲ್ಲಿರುವುದು ನಿಷೇಧ, ಅಲ್ಲಿರುವುದು ಬೆಲೆ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಆದರೂ ಸೊಪ್ಪು ಕೊಂಡರೆ ತೆಳ್ಳನೆಯ ಕವರಿನಲ್ಲಿ ತುಂಬಿ ಕೊಡುವವರು ಇನ್ನೂ ಸಿಗುತ್ತಾರೆ. ಇಂಗ್ಲೆಂಡ್ ಅಂಗಡಿಯಲ್ಲಿ ಕೊಡುವ ಚೀಲವನ್ನು ನಿಷೇಧಿಸಲಿಲ್ಲ, ಪುಕ್ಕಟೆ ಕೊಡುವುದನ್ನು ನಿಲ್ಲಿಸಿತು. 2015ರ ಅಕ್ಟೋಬರ್ 5ರಿಂದ, 250 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಅಂಗಡಿ ಸಂಸ್ಥೆಗಳು ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲಕ್ಕೆ ಕನಿಷ್ಠ 5 ಪೆನ್ಸ್ ಪಡೆಯಬೇಕಾಯಿತು. 2021ರ ಮೇ 21ರಿಂದ ಅದು 10 ಪೆನ್ಸ್ ಆಯಿತು, ಬೀದಿ ಮೂಲೆಯ ಚಿಕ್ಕ ಅಂಗಡಿಗೂ ಅನ್ವಯಿಸಿತು. ಹಾಗಾಗಿ ತೊಗರಿಬೇಳೆ, ಕರಿಬೇವು ಮಾರುವ ನಮ್ಮ ದೇಶದವರ ಅಂಗಡಿಯಲ್ಲೂ ಚೀಲಕ್ಕೆ ಹಣ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಅದು ಅವರ ಜಿಪುಣತನವಲ್ಲ, ಕಾನೂನು. ಆ ಹಣ ಸರ್ಕಾರದ ತೆರಿಗೆಯೂ ಅಲ್ಲ. ಅಂಗಡಿಯವರು ಅದನ್ನು ಒಳ್ಳೆಯ ಕೆಲಸಗಳಿಗೆ ದಾನ ಮಾಡಲಿ ಎಂಬುದು ಸರ್ಕಾರದ ಅಪೇಕ್ಷೆ. ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಇಂಥ ಚೀಲಗಳ ಮಾರಾಟ ಶೇಕಡ 95ಕ್ಕಿಂತಲೂ ಹೆಚ್ಚು ಕುಸಿದಿದೆ. ಇಷ್ಟು ಸಣ್ಣ ಮೊತ್ತ ಇಷ್ಟು ದೊಡ್ಡ ಅಭ್ಯಾಸವನ್ನು ಬದಲಿಸಿದ್ದು ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ.

ಪಕ್ಕದ ವೇಲ್ಸ್ ಚೀಲಕ್ಕೆ ಹಣ ಪಡೆಯುವುದನ್ನು 2011ರಲ್ಲೇ ಆರಂಭಿಸಿತ್ತು. ನಿಮ್ಮ ಮಕ್ಕಳು ಬೆಲ್‌ಫಾಸ್ಟ್ ಕಡೆ ಇದ್ದರೆ, ಉತ್ತರ ಐರ್ಲೆಂಡಿನಲ್ಲಿ 2022ರಿಂದ ದರ 25 ಪೆನ್ಸ್.

ಇಂಗ್ಲೆಂಡಿನಲ್ಲಿ ಕೆಲವಕ್ಕೆ ವಿನಾಯಿತಿ ಇದೆ. ಹಸಿ ಮಾಂಸ, ಮೀನು, ಬಿಡಿ ಹಣ್ಣು ತರಕಾರಿ, ವೈದ್ಯರ ಚೀಟಿಯ ಮೇಲೆ ಕೊಡುವ ಔಷಧ ಇವುಗಳನ್ನಷ್ಟೇ ಹಾಕುವ ಚೀಲಕ್ಕೆ ಹಣ ಕೊಡಬೇಕಾಗಿಲ್ಲ. ಆದರೆ ಮೀನಿನ ಚೀಲಕ್ಕೆ ಒಂದು ಬಿಸ್ಕತ್ತಿನ ಪೊಟ್ಟಣ ಸೇರಿಸಿದರೂ ವಿನಾಯಿತಿ ಹೋಯಿತು. ಮಾಂಸ ತಿನ್ನುವವರು ಅದಕ್ಕೆಂದೇ ಬೇರೆ ಚೀಲ ಇಟ್ಟುಕೊಳ್ಳಿ. ಸೊಪ್ಪು ಹಾಕುವ ಚೀಲಕ್ಕೆ ಮಾಂಸದ ನೀರು ಸೋರಬಾರದು.

ಹೊಸಬರು ಗಾಬರಿಯಾಗುವುದು ಬಿಲ್ ಮಾಡಿಸುವ ಜಾಗದಲ್ಲಿ. ದೇವರಾಜ ಮಾರುಕಟ್ಟೆಯಲ್ಲಿ ನೀವು ಚೀಲದ ಬಾಯಿ ಅಗಲಿಸಿ ಹಿಡಿದರೆ ಸಾಕು, ತರಕಾರಿಯವರೇ ತಕ್ಕಡಿಯಿಂದ ಸುರಿಯುತ್ತಾರೆ. ಇಂಗ್ಲೆಂಡಿನಲ್ಲಿ ತುಂಬಿಕೊಳ್ಳುವುದು ನಿಮ್ಮದೇ ಕೆಲಸ. ಗಲ್ಲಾದಲ್ಲಿರುವವರು ಸಾಮಾನುಗಳನ್ನು ಚಕಚಕನೆ ದಾಟಿಸುತ್ತಾರೆ, ಹಿಂದೆ ಸಾಲು ಬೆಳೆದಿರುತ್ತದೆ. ಆದ್ದರಿಂದ ನಿಮ್ಮ ಸರದಿ ಬರುವ ಮೊದಲೇ ಚೀಲ ಬಿಚ್ಚಿಟ್ಟುಕೊಳ್ಳಿ. ಭಾರದ ಹಾಲಿನ ಡಬ್ಬ, ಹಿಟ್ಟನ್ನು ಗಲ್ಲಾದ ಮುಂದೆ ಚಲಿಸುವ ಪಟ್ಟಿಯ ಮೇಲೆ ಮೊದಲು ಇಡಿ, ಬ್ರೆಡ್ಡು ಟೊಮೆಟೊ ಕೊನೆಗೆ. ಆಗ ಚೀಲದೊಳಗೂ ಅದೇ ಕ್ರಮದಲ್ಲಿ ಕೂರುತ್ತವೆ. ನೀವೇ ಬಿಲ್ ಮಾಡಿಕೊಳ್ಳುವ ಯಂತ್ರದ ಮುಂದೆ ನಿಂತರೆ, ಸ್ವಂತ ಚೀಲ ತಂದಿದ್ದೇನೆ ಎಂಬ ಗುಂಡಿಯನ್ನು ಮೊದಲು ಒತ್ತಿ, ಖಾಲಿ ಚೀಲವನ್ನು ಪಕ್ಕದ ತಟ್ಟೆಯ ಮೇಲಿಡಿ. ಆ ತಟ್ಟೆಯ ಕೆಳಗೆ ತೂಕದ ಯಂತ್ರವಿರುತ್ತದೆ. ಅಮ್ಮ ಮೊದಲ ಸಲ ಬಂದಾಗ ಅರ್ಧ ಸಾಮಾನು ಆದಮೇಲೆ ಚೀಲ ಇಟ್ಟರು. ಕೆಂಪು ದೀಪ ಹತ್ತಿತು, ಯಂತ್ರ ಮಾತನಾಡಿತು, ಅಮ್ಮ ಏನೋ ತಪ್ಪು ಮಾಡಿದವರಂತೆ ಎರಡು ಹೆಜ್ಜೆ ಹಿಂದೆ ಸರಿದುನಿಂತರು. ಅಂಗಡಿಯ ಹುಡುಗಿ ಬಂದು ನಗುತ್ತಲೇ ಸರಿಮಾಡಿದಳು. ದಂಡವಿಲ್ಲ, ಬೈಗುಳವಿಲ್ಲ, ಹೆದರಬೇಡಿ.

ಈಗ ನನಗೆ ಬಹಳ ಮುಖ್ಯವೆನಿಸುವ ಮಾತು. ಅಲ್ಲಿ ಗಲ್ಲಾದ ಬಳಿಯೇ ‘ಬ್ಯಾಗ್ ಫಾರ್ ಲೈಫ್’ ಎಂಬ ದಪ್ಪ ಚೀಲವನ್ನೂ ಮಾರುತ್ತಾರೆ. ಹರಿದರೆ ಬದಲಿಗೆ ಹೊಸದನ್ನು ಕೊಡುವ ಅಂಗಡಿಗಳೂ ಇವೆ. ಚೀಲ ಒಳ್ಳೆಯದೇ. ಆದರೆ ಪ್ರತಿ ಶನಿವಾರ ಮನೆಯಲ್ಲೇ ಮರೆತು, ಪ್ರತಿ ಶನಿವಾರ ಹೊಸದನ್ನು ಕೊಂಡರೆ, ತೆಳು ಪ್ಲಾಸ್ಟಿಕ್ಕಿನ ಜಾಗಕ್ಕೆ ದಪ್ಪ ಪ್ಲಾಸ್ಟಿಕ್ ಬಂತು, ಅಷ್ಟೇ. ಹತ್ತಿ ಚೀಲದ ಲೆಕ್ಕ ಇನ್ನೂ ಕಠಿಣ. ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರುಬಳಕೆಯಾಗದ ಒಂದು ತೆಳು ಪ್ಲಾಸ್ಟಿಕ್ ಚೀಲ ಭೂಮಿಯನ್ನು ಬಿಸಿಮಾಡುವ ಪ್ರಮಾಣಕ್ಕಿಂತ ಕೆಳಗಿಳಿಯಲು ಹತ್ತಿ ಚೀಲವನ್ನು 131 ಬಾರಿ ಬಳಸಬೇಕು. ವಾರಕ್ಕೊಮ್ಮೆ ಎಂದರೆ ಎರಡೂವರೆ ವರ್ಷ. ಹತ್ತಿ ಬೆಳೆದು, ನೂತು, ನೇಯುವುದಕ್ಕೆ ಅಷ್ಟು ಖರ್ಚಾಗುತ್ತದೆ. ಪ್ಲಾಸ್ಟಿಕ್ ಚೀಲ ಹಳ್ಳಕೊಳ್ಳ ಸೇರಿ ಮಾಡುವ ಹಾನಿ ಬೇರೆಯೇ ಸಂಗತಿ, ಅದು ಈ ಲೆಕ್ಕದಲ್ಲಿಲ್ಲ. ಆದರೂ ಪರಿಸರದ ಹೆಸರಿನಲ್ಲಿ ಹೊಸ ಹೊಸ ಹತ್ತಿ ಚೀಲ ಕೊಳ್ಳುವುದಕ್ಕೆ ಅರ್ಥವಿಲ್ಲ. ಮೊಳೆಗೆ ತೂಗುಬಿದ್ದಿರುವ ತಾಂಬೂಲದ ಚೀಲ ಆಗಲೇ ನೇಯ್ದು, ಹೊಲಿದು ಮುಗಿದದ್ದು. ಅದನ್ನು ನವೆದು ಹರಿಯುವವರೆಗೂ ಬಳಸಿ.

ಮನೆಯಲ್ಲಿ ಪ್ಲಾಸ್ಟಿಕ್ ಚೀಲಗಳು ಕೂಡಿಬಿದ್ದರೆ ಮರುಬಳಕೆಯ ಡಬ್ಬಿಗೆ ಕಣ್ಣುಮುಚ್ಚಿ ಹಾಕಬೇಡಿ. ಎಷ್ಟೋ ಊರುಗಳಲ್ಲಿ ಆ ಡಬ್ಬಿಗೆ ಅದು ಸಲ್ಲದು. ಅನೇಕ ದೊಡ್ಡ ಸೂಪರ್‌ಮಾರ್ಕೆಟ್‌ಗಳ ಒಳಬಾಗಿಲ ಬಳಿ ಮೆತ್ತನೆಯ ಪ್ಲಾಸ್ಟಿಕ್ ಸಂಗ್ರಹಿಸುವ ಪೆಟ್ಟಿಗೆ ಇರುತ್ತದೆ, ಅಲ್ಲಿ ಹಾಕಿ.

ಎದುರು ಮನೆಯವರಿಗೆ ಅಮ್ಮ ನಾಲ್ಕು ಚೀಲ ಆರಿಸಿ ಕೊಟ್ಟರು. ಒಂದರ ಹಿಡಿ ಕಿತ್ತುಬಂದಿತ್ತು, ಕೂತಲ್ಲೇ ದಪ್ಪ ದಾರದಿಂದ ಎರಡು ಸುತ್ತು ಹೊಲಿದರು. ಪೆಟ್ಟಿಗೆಯಲ್ಲಿ ಅದಕ್ಕೆಂದು ಬೇರೆ ಜಾಗ ಬೇಕಿಲ್ಲ, ಸಾರಿನ ಪುಡಿಯ ಪೊಟ್ಟಣಗಳನ್ನು ಅದರಲ್ಲೇ ಸುತ್ತಿಡಿ. ಅಲ್ಲಿ ಇಳಿದಮೇಲೆ ಒಂದನ್ನು ಕೋಟಿನ ಜೇಬಿನಲ್ಲಿಟ್ಟು, ಉಳಿದ ಮೂರನ್ನು ಮುಂಬಾಗಿಲ ಪಕ್ಕದ ಕೊಕ್ಕೆಗೆ ತೂಗುಹಾಕಿ.