ಆಳ ಮತ್ತು ವೇಗ: ಗ್ರೆನೇಡಾ ಜಲಾಶಯದಲ್ಲಿ ಸ್ಪೈಡರ್ ರಿಗ್ಗಿಂಗ್ ಕಲಿತ ನನ್ನ ಅನುಭವ

ಅಮೆರಿಕದ ಉತ್ತರ ಮಿಸಿಸಿಪಿಯಲ್ಲಿರುವ ಗ್ರೆನೇಡಾ ಜಲಾಶಯದಲ್ಲಿ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ನೀರಿಗಿಳಿಯುವ ದೋಣಿಗಳನ್ನು ದಡದಿಂದ ನೋಡಿದರೆ, ಹಲವು ದೋಣಿಗಳ ಮೂತಿಯಿಂದ ಆರೆಂಟು ಉದ್ದನೆಯ ಗಾಳದ ಕೋಲುಗಳು ಜೇಡನ ಕಾಲುಗಳಂತೆ ಸುತ್ತಲೂ ಚಾಚಿಕೊಂಡಿರುವುದು ಕಾಣುತ್ತದೆ. ಕ್ರಾಪಿ ಮೀನನ್ನು ಹಿಡಿಯುವ ಈ ಕ್ರಮವನ್ನೇ ಸ್ಪೈಡರ್ ರಿಗ್ಗಿಂಗ್ ಎನ್ನುತ್ತಾರೆ. ಕೋಲುಗಳು ಹೆಚ್ಚಿದಷ್ಟೂ ಮೀನು ಹೆಚ್ಚು ಸಿಗುತ್ತದೆ ಎಂದು ಹೊರಗಿನಿಂದ ನೋಡುವವರಿಗೆ ತೋರುವುದು ಸಹಜ. ಕಲಿಯುತ್ತ ಹೋದಂತೆ ನನಗೆ ಮನದಟ್ಟಾದ ಸಂಗತಿ ಬೇರೆ: ಎಲ್ಲ ಎರೆಗಳೂ ಯಾವ ಆಳದಲ್ಲಿವೆ, ಯಾವ ವೇಗದಲ್ಲಿ ಸಾಗುತ್ತಿವೆ ಎಂಬುದು ಗೊತ್ತಿದ್ದರೆ ಮಾತ್ರ ಅಷ್ಟು ಕೋಲುಗಳಿಂದ ಪ್ರಯೋಜನವುಂಟು. ಅದು ಗೊತ್ತಿಲ್ಲದಿದ್ದರೆ ಒಂದು ಕೋಲೂ ಎಂಟು ಕೋಲೂ ಒಂದೇ.

ಕ್ರಾಪಿ ಸನ್‌ಫಿಶ್ ಕುಟುಂಬಕ್ಕೆ ಸೇರಿದ ಸಿಹಿನೀರಿನ ಮೀನು. ಇದರಲ್ಲಿ ಬಿಳಿ ಕ್ರಾಪಿ ಮತ್ತು ಕಪ್ಪು ಕ್ರಾಪಿ ಎಂಬ ಎರಡು ಜಾತಿಗಳಿವೆ. ಬೆನ್ನಿನ ರೆಕ್ಕೆಯ ಮುಳ್ಳುಗಳನ್ನು ಎಣಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಬಿಳಿಯದಕ್ಕೆ ಸಾಮಾನ್ಯವಾಗಿ ಐದಾರು, ಕಪ್ಪಿಗೆ ಏಳೆಂಟು ಮುಳ್ಳು. ಮಿಸಿಸಿಪಿಯ ಈ ಭಾಗದಲ್ಲಿ ಬಿಳಿ ಕ್ರಾಪಿಯದೇ ಹೆಚ್ಚಿನ ಖ್ಯಾತಿ. 1957ರಲ್ಲಿ ದಾಖಲಾದ 5 ಪೌಂಡ್ 3 ಔನ್ಸ್ ತೂಕದ ಬಿಳಿ ಕ್ರಾಪಿ, ಅಂದರೆ ಆ ಜಾತಿಯ ವಿಶ್ವದಾಖಲೆಯ ಮೀನು, ಸಿಕ್ಕಿದ್ದು ಗ್ರೆನೇಡಾಕ್ಕೆ ಹತ್ತಿರದ ಈನಿಡ್ ಜಲಾಶಯದಲ್ಲಿ. ಗಾಳ ಹಾಕುವವನು ಈ ಮೀನಿನ ದೇಹರಚನೆಯ ಎರಡು ಅಂಶಗಳನ್ನು ಎಂದೂ ಮರೆಯಬಾರದು. ಒಂದು, ಅದರ ಕಣ್ಣುಗಳು ತಲೆಯ ಮೇಲ್ಭಾಗಕ್ಕೆ ಸಮೀಪವಾಗಿವೆ. ತನಗಿಂತ ಮೇಲಿರುವ ಆಹಾರವನ್ನು ಅದು ಬೇಗ ಕಾಣುತ್ತದೆ, ಮೇಲೆದ್ದು ಬಂದು ತಿನ್ನುತ್ತದೆ. ಇನ್ನೊಂದು, ಅದರ ಬಾಯಿಯ ಸುತ್ತಲಿನ ಪೊರೆ ಕಾಗದದಷ್ಟು ತೆಳು. ಮುಂದೆ ನಾನು ಹೇಳುವ ಬಹುಪಾಲು ವಿಷಯಗಳಿಗೆ ಈ ಎರಡೇ ಕಾರಣ.

ಗ್ರೆನೇಡಾ ಜಲಾಶಯ ಯಾಲೊಬುಷಾ ಮತ್ತು ಸ್ಕೂನಾ ನದಿಗಳ ನೀರನ್ನು ಹಿಡಿದಿಡುತ್ತದೆ. ಪ್ರವಾಹ ನಿಯಂತ್ರಣಕ್ಕೆಂದು ಅಮೆರಿಕದ ಸೇನಾ ಎಂಜಿನಿಯರುಗಳ ಇಲಾಖೆ ಕಟ್ಟಿದ ಈ ಅಣೆಕಟ್ಟು 1954ರಲ್ಲಿ ಪೂರ್ಣಗೊಂಡಿತು. ವಸಂತದ ಮಳೆಗೆ ಜಾಗ ಮಾಡಿಕೊಡಲು ಶರತ್ಕಾಲದಿಂದಲೇ ನೀರನ್ನು ಹೊರಬಿಡುತ್ತಾರೆ. ಬೇಸಿಗೆಯ ಮಟ್ಟಕ್ಕೂ ಚಳಿಗಾಲದ ಮಟ್ಟಕ್ಕೂ ಸುಮಾರು 20 ಅಡಿಗಳ ಅಂತರವಿರುತ್ತದೆ. ನೀರು ಇಳಿದಾಗ ಕ್ರಾಪಿಗಳು ಹಳೆಯ ನದೀಪಾತ್ರಗಳ ಅಂಚಿಗೆ ಬಂದು ಗುಂಪುಗೂಡುತ್ತವೆ. ಫೆಬ್ರವರಿಯ ಕೊನೆಗೆ ನೀರು ಬೆಚ್ಚಗಾಗತೊಡಗಿದಂತೆ ಅವು ಹಳ್ಳಗಳ ಬಾಯಿಯ ಕಡೆಗೆ ಸರಿಯುತ್ತವೆ, ನೀರು ಸುಮಾರು 16ರಿಂದ 20 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ದಡದ ಪೊದೆಗಳ ನಡುವೆ ಮೊಟ್ಟೆಯಿಡುತ್ತವೆ. ಪೊದೆಗಳ ಒಳಗೆ ಎಂಟು ಕೋಲುಗಳ ದೋಣಿ ನುಗ್ಗಲಾರದು, ಅಲ್ಲಿ ಒಂಟಿ ಕೋಲೇ ಸರಿ. ಮೀನುಗಳು ತೆರೆದ ನೀರಿನಲ್ಲಿ ಚದುರಿಕೊಂಡು, ದಿನದಿಂದ ದಿನಕ್ಕೆ ಸ್ಥಳ ಬದಲಿಸುವ ಅದಕ್ಕೂ ಮುಂಚಿನ ವಾರಗಳೇ ಸ್ಪೈಡರ್ ರಿಗ್ಗಿಂಗಿಗೆ ಹೇಳಿಮಾಡಿಸಿದ ಕಾಲ.

ನನಗೆ ಇದನ್ನು ಕಲಿಸಿದವರು ಆ ಜಲಾಶಯದಲ್ಲೇ ಬದುಕಿನ ಬಹುಭಾಗವನ್ನು ಕಳೆದ ಹಿರಿಯರೊಬ್ಬರು. ಅವರು ಮೊದಲು ನನ್ನ ಕೈಗೆ ಕೋಲು ಕೊಡಲಿಲ್ಲ. ದೋಣಿಯ ಮುಂಭಾಗದ ವಿದ್ಯುತ್ ಮೋಟಾರಿನ ಪೆಡಲ್ ಮೇಲೆ ನನ್ನ ಕಾಲಿಡಿಸಿ, ಜಿಪಿಎಸ್ ಪರದೆಯಲ್ಲಿ ಕಾಣುವ ವೇಗವನ್ನು ಗಂಟೆಗೆ 0.4 ಮೈಲಿಗೆ ತಂದು ಅಲ್ಲಿಯೇ ನಿಲ್ಲಿಸುವಂತೆ ಹೇಳಿದರು. ನಡಿಗೆಯ ವೇಗದ ಏಳರಲ್ಲಿ ಒಂದು ಪಾಲೂ ಇಲ್ಲದ ಈ ವೇಗವನ್ನು, ಗಾಳಿ ಬೀಸುವ ನೀರಿನ ಮೇಲೆ, ನೇರವಾದ ಗೆರೆಯಲ್ಲಿ ಕಾಯ್ದುಕೊಳ್ಳುವುದು ಕೇಳಿದಷ್ಟು ಸುಲಭವಲ್ಲ. ಮೋಟಾರನ್ನು ಮತ್ತೆ ಮತ್ತೆ ಚಾಲೂ ಮಾಡಿ ನಿಲ್ಲಿಸುತ್ತಿದ್ದರೆ ದೋಣಿ ತಡೆತಡೆದು ಸಾಗುತ್ತದೆ, ಎರೆಗಳು ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುತ್ತವೆ. ಕಡಿಮೆ ಶಕ್ತಿಯಲ್ಲಿ ಮೋಟಾರು ಸದಾ ತಿರುಗುತ್ತಲೇ ಇರಬೇಕು, ದಿಕ್ಕಿನ ತಿದ್ದುಪಡಿಗಳು ಕಣ್ಣಿಗೆ ಕಾಣದಷ್ಟು ಸಣ್ಣದಿರಬೇಕು. ಜೀವಂತ ಮರಿಮೀನನ್ನು ಎರೆಯಾಗಿ ಬಳಸುವಾಗ ನಾನು ಗಂಟೆಗೆ 0.3ರಿಂದ 0.5 ಮೈಲಿ ವೇಗದಲ್ಲಿ ಹೋಗುತ್ತೇನೆ. ಜಿಗ್ ಎಂಬ ಕೃತಕ ಎರೆಯಾದರೆ 0.7ರವರೆಗೂ ಹೋಗಬಹುದು. ನೀರು ತಣ್ಣಗಿದ್ದಷ್ಟೂ ನಿಧಾನ ಒಳ್ಳೆಯದು.

ಗಾಳಿಗೆ ಎದುರಾಗಿ ಸಾಗುವುದನ್ನು ನಾನು ಯಾವಾಗಲೂ ಮೊದಲ ಆಯ್ಕೆಯಾಗಿ ಇಟ್ಟುಕೊಂಡಿದ್ದೇನೆ, ಏಕೆಂದರೆ ಆಗ ಗಾಳಿಯೇ ತಡೆಯಾಗಿ ದೋಣಿ ಮೋಟಾರಿನ ಮಾತು ಕೇಳುತ್ತದೆ. ಹಿಂದಿನಿಂದ ಗಾಳಿ ಬಂದರೆ ದೋಣಿಯನ್ನು ಬೇಕಾದುದಕ್ಕಿಂತ ವೇಗವಾಗಿ ತಳ್ಳುತ್ತದೆ. ಅಂಥ ದಿನ ದೋಣಿಯ ಹಿಂಭಾಗದಿಂದ ಸರಪಳಿಯನ್ನೋ ನೀರಿನಲ್ಲಿ ಬಿಚ್ಚಿಕೊಳ್ಳುವ ಬಟ್ಟೆಯ ಚೀಲವನ್ನೋ ಎಳೆಯುವವರಿದ್ದಾರೆ. ಅಲೆ ಹೆಚ್ಚಾದಾಗ ಮೂತಿ ಏರಿಳಿಯುತ್ತದೆ, ಅದರೊಡನೆ ಎಲ್ಲ ಎರೆಗಳೂ ಕುಣಿಯುತ್ತವೆ. ತುದಿ ಮೃದುವಾಗಿರುವ ಉದ್ದ ಕೋಲು ಈ ಕುಣಿತದ ಬಹುಭಾಗವನ್ನು ತಾನೇ ನುಂಗಿಕೊಳ್ಳುತ್ತದೆ. ಅಗ್ಗದ, ಗಡುಸಾದ ಕೋಲುಗಳನ್ನು ಕೊಳ್ಳಬೇಡಿ ಎಂದು ನಾನು ಹೊಸಬರಿಗೆ ಒತ್ತಿ ಹೇಳುವುದು ಈ ಕಾರಣಕ್ಕಾಗಿ.

ಕೋಲುಗಳ ಉದ್ದ ಸಾಮಾನ್ಯವಾಗಿ 10ರಿಂದ 16 ಅಡಿ. ಗ್ರೆನೇಡಾದ ನೀರು ಮಳೆಯ ನಂತರ ಕೆಂಪಗೆ ಕದಡಿರುತ್ತದೆ, ಮೀನು ದೋಣಿಗೆ ಅಷ್ಟಾಗಿ ಬೆದರುವುದಿಲ್ಲ, ಆದ್ದರಿಂದ ನನಗೆ 12 ಅಥವಾ 14 ಅಡಿ ಸಾಕಾಗುತ್ತದೆ. ತಿಳಿನೀರಿನಲ್ಲಿ ದೋಣಿಯಿಂದ ಎರೆಯನ್ನು ದೂರವಿಡಲು 16 ಅಡಿಯದು ಬೇಕು. ಮುಂಭಾಗದ ಎರಡು ಕುರ್ಚಿಗಳ ಎದುರು ಒಂದೊಂದು ಅಡ್ಡಕಂಬಿ, ಪ್ರತಿ ಕಂಬಿಗೆ ನಾಲ್ಕು ಹೋಲ್ಡರ್. ಕೋಲಿನ ತುದಿ ನೀರಿನಿಂದ ಒಂದಡಿಗಿಂತ ಹೆಚ್ಚು ಮೇಲಿರದಂತೆ, ಎಲ್ಲ ತುದಿಗಳೂ ಒಂದೇ ಎತ್ತರದಲ್ಲಿ ಕಾಣುವಂತೆ ಹೋಲ್ಡರುಗಳನ್ನು ಬಿಗಿಗೊಳಿಸಬೇಕು. ತುದಿಗಳು ಒಂದೇ ಸಾಲಿನಲ್ಲಿದ್ದರೆ ಯಾವುದಾದರೂ ಒಂದು ಅರ್ಧ ಇಂಚು ಬಾಗಿದರೂ ಕಣ್ಣು ತಕ್ಷಣ ಹಿಡಿಯುತ್ತದೆ. ಒಬ್ಬರಿಗೆ ಎಷ್ಟು ಕೋಲು ಎಂಬುದು ರಾಜ್ಯದಿಂದ ರಾಜ್ಯಕ್ಕೆ, ಜಲಾಶಯದಿಂದ ಜಲಾಶಯಕ್ಕೆ ಬೇರೆ. ನಾನು ಕಲಿಯುವ ಕಾಲಕ್ಕೆ ಗ್ರೆನೇಡಾದಲ್ಲಿ ಒಬ್ಬರಿಗೆ ನಾಲ್ಕು ಕೋಲಿನ ಮಿತಿಯಿತ್ತು, 12 ಇಂಚಿಗಿಂತ ಚಿಕ್ಕ ಕ್ರಾಪಿಯನ್ನು ನೀರಿಗೆ ಬಿಡಬೇಕಿತ್ತು. ಇಂಥ ನಿಯಮಗಳು ಬದಲಾಗುತ್ತಿರುತ್ತವೆ. ಪರವಾನಗಿ ಪಡೆಯುವಾಗಲೇ ಆ ವರ್ಷದ ನಿಯಮಪುಸ್ತಕವನ್ನು ಓದಿಕೊಳ್ಳುವುದು ಕಡ್ಡಾಯವೆಂದು ತಿಳಿಯಬೇಕು.

ದಾರಕ್ಕೆ ಕೊಕ್ಕೆಗಳನ್ನು ಕಟ್ಟುವ ಕ್ರಮವನ್ನು ನಾನು ಟೆನೆಸಿಯ ರೀಲ್‌ಫುಟ್ ಸರೋವರದವರಿಂದ ಬಂದ ಪದ್ಧತಿಯಂತೆ ಅನುಸರಿಸುತ್ತೇನೆ. 1811–12ರ ನ್ಯೂ ಮ್ಯಾಡ್ರಿಡ್ ಭೂಕಂಪಗಳಿಂದ ಹುಟ್ಟಿದ ಆ ಸರೋವರದ ತಳದ ತುಂಬ ಮುಳುಗಿದ ಮರಗಳ ಮೋಟುಗಳಿವೆ. ಅಂಥ ನೀರಿನಲ್ಲಿ ಪಳಗಿದ ರಾನಿ ಕ್ಯಾಪ್ಸ್ ಮತ್ತು ಸ್ಟೀವ್ ಕೋಲ್ಮನ್ ಎಂಬ ಜೋಡಿ ರಾಷ್ಟ್ರಮಟ್ಟದ ಕ್ರಾಪಿ ಸ್ಪರ್ಧೆಗಳನ್ನು ಹಲವು ಬಾರಿ ಗೆದ್ದಿತು, ಅವರ ಹೆಸರಿನಲ್ಲೇ ಈ ಕಟ್ಟು ಪ್ರಸಿದ್ಧವಾಗಿದೆ. ಮುಖ್ಯ ದಾರದ ತುದಿಗೆ ಮೂರು ಕಣ್ಣಿನ ಸ್ವಿವೆಲ್, ಅಂದರೆ ದಾರ ಹುರಿಗೊಳ್ಳದಂತೆ ತಿರುಗುವ ಲೋಹದ ಕೊಂಡಿ. ಅದರ ಒಂದು ಕಣ್ಣಿನಿಂದ ಗಿಡ್ಡ ದಾರದಲ್ಲಿ ಮೇಲಿನ ಕೊಕ್ಕೆ; ಇನ್ನೊಂದರಿಂದ ಕೆಳಗಿಳಿಯುವ ದಾರ ಅರ್ಧ ಔನ್ಸಿನ, ಅಂದರೆ ಸುಮಾರು 14 ಗ್ರಾಮಿನ, ತೂತುಳ್ಳ ಸೀಸದ ಗುಂಡನ್ನು ಹಾಯುತ್ತದೆ. ಗುಂಡು ಜಾರದಂತೆ ಅದೇ ದಾರವನ್ನು ತೂತಿನ ಮೂಲಕ ಮೂರು ನಾಲ್ಕು ಬಾರಿ ಸುತ್ತಿ ಬಿಗಿಯುತ್ತೇನೆ. ಗುಂಡಿನಿಂದ ಸುಮಾರು ಒಂದಡಿ ಕೆಳಗೆ ಎರಡನೆಯ ಕೊಕ್ಕೆ. ತೂಕ ಎರಡು ಕೊಕ್ಕೆಗಳ ನಡುವೆ ಇರುವುದರಿಂದ ದಾರ ಸದಾ ಬಿಗಿಯಾಗಿ ಲಂಬವಾಗಿ ನಿಲ್ಲುತ್ತದೆ. ಕೊಕ್ಕೆ ತೆಳ್ಳನೆಯ ತಂತಿಯದಾಗಿರಬೇಕು: ಮೋಟಿಗೆ ಸಿಕ್ಕಿಕೊಂಡರೆ ನಿಧಾನವಾಗಿ ಎಳೆದಾಗ ಅದು ನೇರವಾಗಿ ಬಿಡಿಸಿಕೊಂಡು ಬರುತ್ತದೆ, ಬೆರಳಿನಿಂದ ಮತ್ತೆ ಬಾಗಿಸಿದರೆ ಕೆಲಸ ಮುಂದುವರಿಯುತ್ತದೆ.

ಆಳವನ್ನು ಅಳೆಯುವ ಉಪಾಯ ಅತ್ಯಂತ ಸರಳವಾಗಿದೆ. ಕೋಲನ್ನು ನೆಟ್ಟಗೆ ಹಿಡಿದು ಕೆಳಗಿನ ಕೊಕ್ಕೆ ಕೋಲಿನ ಬುಡ ಮುಟ್ಟುವವರೆಗೆ ದಾರ ಬಿಟ್ಟರೆ, 14 ಅಡಿಯ ಕೋಲಿನಲ್ಲಿ 14 ಅಡಿ ದಾರ ಹೊರಗಿದೆ ಎಂದರ್ಥ. ತುದಿ ನೀರಿನಿಂದ ಒಂದಡಿ ಮೇಲಿದ್ದರೆ ಕೊಕ್ಕೆ 13 ಅಡಿ ಆಳದಲ್ಲಿರುತ್ತದೆ. ಅಲ್ಲಿಂದ ಹೆಚ್ಚು ಕಡಿಮೆ ಮಾಡಲು ರೀಲಿನ ಒಂದು ಸುತ್ತಿಗೆ ಎಷ್ಟು ದಾರ ಬರುತ್ತದೆ ಎಂಬುದನ್ನು ಮನೆಯಲ್ಲೇ ಅಳೆದಿಟ್ಟುಕೊಳ್ಳಬೇಕು. ಎಲ್ಲ ಕೋಲುಗಳಿಗೂ ಒಂದೇ ಮಾದರಿಯ ರೀಲ್ ಇದ್ದರೆ ಲೆಕ್ಕ ತಪ್ಪುವುದಿಲ್ಲ. ವೇಗ ಹೆಚ್ಚಾದ ಕೂಡಲೇ ದಾರ ಹಿಂದಕ್ಕೆ ವಾಲಿ ಎರೆ ಮೇಲೇರುತ್ತದೆ, ಆಗ 13 ಅಡಿ ಎಂದು ನಂಬಿದ್ದು 13 ಅಡಿಯಾಗಿ ಉಳಿಯುವುದಿಲ್ಲ. ನೀರನ್ನು ಸೇರುವ ಜಾಗದಲ್ಲಿ ದಾರದ ಓರೆಯನ್ನು ನಾನು ಪದೇ ಪದೇ ನೋಡುವುದು ಅದಕ್ಕಾಗಿ. ತಿರುವಿನಲ್ಲಂತೂ ಹೊರಬದಿಯ ಎರೆಗಳು ವೇಗವಾಗಿ ಸಾಗಿ ಮೇಲೇರುತ್ತವೆ, ಒಳಬದಿಯವು ನಿಂತಂತಾಗಿ ಕೆಳಗಿಳಿದು ಮೋಟುಗಳಿಗೆ ಸಿಕ್ಕಿಕೊಳ್ಳುತ್ತವೆ. ತಿರುವು ಎಷ್ಟು ಅಗಲವಾಗಿದ್ದರೆ ಅಷ್ಟು ಕ್ಷೇಮ.

ಶಬ್ದತರಂಗಗಳಿಂದ ನೀರಿನೊಳಗನ್ನು ತೋರಿಸುವ ಸೋನಾರ್ ಪರದೆಯಲ್ಲಿ 12 ಅಡಿ ಆಳದಲ್ಲಿ ಮೀನುಗಳನ್ನು ಸೂಚಿಸುವ ಕಮಾನಿನಾಕಾರದ ಗುರುತುಗಳು ಕಂಡವೆನ್ನಿ. ಎರೆಯನ್ನು 12ಕ್ಕೆ ಇಳಿಸದೆ 10 ಅಥವಾ 11ಕ್ಕೆ ಇಡುತ್ತೇನೆ. ಕ್ರಾಪಿ ಮೇಲೆ ನೋಡುವ ಮೀನು, ತನಗಿಂತ ಕೆಳಗಿರುವ ಎರೆ ಅದರ ಗಮನಕ್ಕೆ ಬರುವುದು ಅಪರೂಪ. ಪರದೆ ಖಾಲಿಯಿದ್ದರೆ ಕೋಲುಗಳನ್ನೇ ಹುಡುಕಾಟಕ್ಕೆ ಬಳಸಬೇಕು. ಎಡಬದಿಯಿಂದ ಆರಂಭಿಸಿ 6, 8, 10, 12 ಅಡಿ ಎಂದು ಬೇರೆ ಬೇರೆ ಆಳಗಳಲ್ಲಿಟ್ಟು, ಬಲಬದಿಯಲ್ಲೂ ಅದೇ ಕ್ರಮವನ್ನು ಪುನರಾವರ್ತಿಸಿ ಸಾಗುತ್ತೇನೆ. ಒಂದೇ ಆಳದಲ್ಲಿ ಮತ್ತೆ ಮತ್ತೆ ಮೀನು ಕಚ್ಚಿದರೆ ಹೆಚ್ಚಿನ ಕೋಲುಗಳನ್ನು ಆ ಆಳಕ್ಕೆ ತರುತ್ತೇನೆ, ಆದರೆ ಎರಡನ್ನು ಬೇರೆ ಆಳಗಳಲ್ಲಿ ಬಿಟ್ಟಿರುತ್ತೇನೆ, ಏಕೆಂದರೆ ಬಿಸಿಲೇರಿದಂತೆ ಮೀನುಗಳ ಮಟ್ಟ ಬದಲಾಗುತ್ತದೆ, ಆ ಬದಲಾವಣೆಯ ಸುದ್ದಿಯನ್ನು ಆ ಎರಡು ಕೋಲುಗಳೇ ಮೊದಲು ತರುತ್ತವೆ. ಆಳ, ವೇಗ, ಎರೆ ಇವುಗಳಲ್ಲಿ ಒಮ್ಮೆಗೆ ಒಂದನ್ನು ಮಾತ್ರ ಬದಲಿಸುವುದು ನನ್ನ ಗುರುಗಳ ಕಟ್ಟುನಿಟ್ಟು. ಎರಡನ್ನು ಒಟ್ಟಿಗೆ ಬದಲಿಸಿದ ಮೇಲೆ ಮೀನು ಸಿಕ್ಕರೆ ಅದು ಯಾವುದರಿಂದ ಸಿಕ್ಕಿತೆಂದು ತಿಳಿಯುವ ದಾರಿಯೇ ಇರುವುದಿಲ್ಲ.

ಮೀನು ಕಚ್ಚಿದ್ದನ್ನು ಗುರುತಿಸುವುದು ಬಹಳ ಕಾಲ ಬೇಡುವ ವಿದ್ಯೆ. ಕೋಲಿನ ತುದಿ ಕೆಳಕ್ಕೆ ಬಾಗಿದರೆ ಯಾರಿಗಾದರೂ ಕಾಣುತ್ತದೆ. ಆದರೆ ದೊಡ್ಡ ಕ್ರಾಪಿ ಎಷ್ಟೋ ಸಲ ಎರೆಯನ್ನು ಬಾಯಲ್ಲಿಟ್ಟುಕೊಂಡು ಮೇಲಕ್ಕೇ ಏಳುತ್ತದೆ. ಆಗ ಗುಂಡಿನ ಭಾರ ತಪ್ಪಿ, ಇಷ್ಟು ಹೊತ್ತು ತುಸು ಬಾಗಿದ್ದ ತುದಿ ನೆಟ್ಟಗಾಗುತ್ತದೆ, ದಾರ ಸಡಿಲವಾಗುತ್ತದೆ. ಏನೂ ಆಗಲಿಲ್ಲವೆಂಬಂತೆ ತೋರುವ ಆ ಕ್ಷಣದಲ್ಲೇ ಕೋಲನ್ನು ಎತ್ತಬೇಕು. ಅರ್ಧ ಔನ್ಸಿನ ಗುಂಡು ಬೇಕೆಂದು ಹಟ ಹಿಡಿಯುವುದರ ಹಿಂದೆ ಇದೂ ಇದೆ. ತೀರಾ ಹಗುರ ಗುಂಡಿದ್ದರೆ ತುದಿ ಬಾಗಿಯೇ ಇರುವುದಿಲ್ಲ, ಬಾಗದ್ದು ನೆಟ್ಟಗಾಗುವುದು ಹೇಗೆ ಕಾಣಬೇಕು? ಎತ್ತುವಾಗ ಜಗ್ಗಬಾರದು. ತೆಳುಬಾಯಿ ಹರಿದು ಮೀನು ತಪ್ಪಿಸಿಕೊಳ್ಳುತ್ತದೆ. ಹೋಲ್ಡರಿನಿಂದ ಕೋಲನ್ನು ಒಂದೇ ಹದದಲ್ಲಿ ಮೇಲೆತ್ತಿ, ಬಿಗಿ ಸಡಿಲಿಸದೆ ಉದ್ದ ಹಿಡಿಯ ಕೈಬಲೆಯತ್ತ ತರಬೇಕು, ಬಲೆ ಹಿಡಿಯುವವರು ಮೀನಿನ ಕೆಳಗಿನಿಂದ ಬಲೆ ತರಬೇಕು. ಅಷ್ಟು ಹೊತ್ತೂ ದೋಣಿ ನಿಲ್ಲಬಾರದು. ನಿಂತರೆ ಉಳಿದ ಏಳು ಕೋಲುಗಳ ಎರೆಗಳು ಒಟ್ಟಿಗೆ ಕೆಳಗಿಳಿಯುತ್ತವೆ. ಆದ್ದರಿಂದ ಮೋಟಾರಿನ ಪೆಡಲ್ ಮೇಲಿರುವವನು ಮೀನಿನ ಸಂಭ್ರಮದಲ್ಲೂ ಕಾಲು ತೆಗೆಯುವಂತಿಲ್ಲ.

2018ರಲ್ಲಿ ಗಾರ್ಮಿನ್ ಕಂಪನಿಯ ಲೈವ್‌ಸ್ಕೋಪ್ ಎಂಬ ಸೋನಾರ್ ಯಂತ್ರ ಬಂದ ಮೇಲೆ ಮುಂದಿನ ನೀರನ್ನು ಪರದೆಯಲ್ಲಿ ನೋಡುತ್ತ, ಒಂದೊಂದೇ ಮೀನಿನ ಮುಂದೆ ಎರೆ ಇಳಿಸುವ ಕ್ರಮ ಹಬ್ಬಿದೆ. ಹಲವರು ಎಂಟು ಕೋಲುಗಳನ್ನು ಮಡಚಿಟ್ಟಿದ್ದಾರೆ. ಆ ಯಂತ್ರ ದೊಡ್ಡ ಮೀನನ್ನು ಆರಿಸಿ ಹಿಡಿಯಲು ಸಮರ್ಥವೆಂಬುದನ್ನು ನಾನು ಒಪ್ಪುತ್ತೇನೆ. ಆದರೂ ಹೊಸದಾಗಿ ಕಲಿಯುವವರು ಸ್ಪೈಡರ್ ರಿಗ್ಗಿಂಗಿನಿಂದಲೇ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಗಾಳಿ, ತೂಕ, ವೇಗ, ಆಳ ಇವು ಒಂದನ್ನೊಂದು ಹೇಗೆ ಎಳೆದಾಡುತ್ತವೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಣ್ಣೆದುರು ತೋರಿಸುವ ಕ್ರಮ ಬೇರೊಂದಿಲ್ಲ. ಮೇಲಾಗಿ ಎರಡು ಕುರ್ಚಿಗಳಲ್ಲಿ ಕುಳಿತ ಇಬ್ಬರೂ ಏಕಕಾಲಕ್ಕೆ ಮೀನು ಹಿಡಿಯಬಹುದು. ಮಕ್ಕಳನ್ನೋ ಊರಿಂದ ಬಂದ ತಂದೆತಾಯಿಯನ್ನೋ ಕರೆದೊಯ್ದಾಗ ಇದರ ಬೆಲೆ ತಿಳಿಯುತ್ತದೆ.

ಆರಂಭಿಸುವವರು ಎಂಟು ಕೋಲುಗಳನ್ನು ಒಮ್ಮೆಗೇ ಕೊಳ್ಳಬೇಕಾಗಿಲ್ಲ. ಒಬ್ಬರಿಗೆ ಎರಡರಂತೆ ನಾಲ್ಕು ಕೋಲು, ಒಂದೇ ಬಗೆಯ ನಾಲ್ಕು ರೀಲು, ಮರಿಮೀನುಗಳಿಗೆ ಗಾಳಿಗುಳ್ಳೆಯ ಪಂಪಿರುವ ಬಕೆಟ್, ಉದ್ದ ಹಿಡಿಯ ಕೈಬಲೆ, ಮೈಮೇಲಿಂದ ತೆಗೆಯದ ಜೀವರಕ್ಷಕ ಜಾಕೆಟ್ ಇಷ್ಟಿದ್ದರೆ ಸಾಕು. ಫೆಬ್ರವರಿಯ ಆ ತಣ್ಣೀರಿಗೆ ಬಿದ್ದರೆ ಈಜು ಬಲ್ಲವರ ಕೈಕಾಲೂ ಬಹು ಬೇಗ ಸೋಲುತ್ತವೆ. ನಾಲ್ಕೂ ದಾರಗಳು ಗೋಜಲಾಗದೆ ದಿನವಿಡೀ ಸಾಗಲು ಬಂದ ಮೇಲೆ ಎರಡೆರಡು ಕೋಲು ಸೇರಿಸಿಕೊಳ್ಳಬಹುದು. ದಿನದ ಕೊನೆಗೆ ಕೋಲುಗಳನ್ನು ಒಂದೊಂದಾಗಿಯೇ ಒಳಗೆ ತೆಗೆದು, ಕೊಕ್ಕೆಗಳಿರುವ ದಾರದ ತುದಿಯನ್ನು ಬಿಚ್ಚಿ ಸ್ಪಂಜಿನ ಉರುಳೆಗೆ ಸುತ್ತಿ, ಕೊಕ್ಕೆಯ ಮೊನೆಯನ್ನು ಸ್ಪಂಜಿಗೆ ಚುಚ್ಚಿಟ್ಟರೆ ಮರುದಿನ ಬೆಳಗಿನ ಕತ್ತಲೆಯಲ್ಲಿ ಗಂಟು ಬಿಡಿಸುವ ಕೆಲಸ ಇರುವುದಿಲ್ಲ.